ಹನ್ನೊಂದು ಗಂಟೆಯ ನರ್ಸ್ ಅಕ್ಕ

ಜೂನ್ ಒಂಬತ್ತು, ಬೆಳಿಗ್ಗೆ ಹನ್ನೊಂದು ಗಂಟೆಗೆ ಇದನ್ನು ಬರೆಯುತ್ತಿದ್ದೇನೆ. ನನಗೆ ಚಿಕ್ಕಂದಿನಿಂದ ಶುಗರ್ ಇದೆ. ನಂಜನಗೂಡಿನ ನಮ್ಮ ಶಾಲೆಯಲ್ಲಿ ನರ್ಸ್ ಅಕ್ಕ ದಿನವೂ ಇದೇ ಹೊತ್ತಿಗೆ ಅದನ್ನು ಪರೀಕ್ಷಿಸುತ್ತಿದ್ದರು. ನಾನು ಹೆದರದಿರಲೆಂದು ಮೊದಲು ಬೇರೆ ಸೂಜಿಯಿಂದ ತಮ್ಮ ಬೆರಳಿಗೇ ಚುಚ್ಚಿಕೊಂಡು, "ನೋಡವ್ವ, ಇರುವೆ ಕಡ್ದಂಗೆ ಅಷ್ಟೇಯ" ಎನ್ನುತ್ತಿದ್ದರು.

ಏಳನೇ ತರಗತಿಯಲ್ಲಿ ಒಮ್ಮೆ, "ನಿಮ್ದೂ ನೋಡಿ ಅಕ್ಕ" ಎಂದು ಹಟ ಹಿಡಿದೆ. ಮಿಷನ್ 412 ತೋರಿಸಿತು. ನನ್ನದು ಯಾವತ್ತೂ ಅಷ್ಟು ಏರಿರಲಿಲ್ಲ.

"ಮಿಷನ್ ಕೆಟ್ಟೋಗದೆ ಕಣವ್ವ, ಯಾರ್ಗೂ ಯೋಳ್ಬ್ಯಾಡ" ಎಂದು ನಕ್ಕರು. ಮರುಕ್ಷಣ ಅದೇ ಮಿಷನ್ನಿನಲ್ಲಿ ನನ್ನದನ್ನು ನೋಡಿ, ಅದರಂತೆ ಇನ್ಸುಲಿನ್ ಕೊಟ್ಟರು. ನಾನು ಯಾರಿಗೂ ಹೇಳಲಿಲ್ಲ.

ಆ ವರ್ಷ ದಸರಾ ರಜೆಯ ನಂತರ ಅವರು ಬರಲಿಲ್ಲ. ದಿನದ ಶುಗರ್ ಬರೆದಿಡುತ್ತಿದ್ದ ನನ್ನ ಪುಸ್ತಕದಲ್ಲಿ ನನ್ನವು 318 ಅಂಕಿಗಳಿವೆ, ಅವರದು ಒಂದೇ. ಅದರ ಕೆಳಗೆ ಜಾಗ ಬಿಟ್ಟಿದ್ದೇನೆ. ಹೆಮ್ಮಿಗೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಆ ಅಕ್ಕ ಆಮೇಲೆ ಏನಾದರೆಂದು ಬಲ್ಲವರು ದಯವಿಟ್ಟು ಬರೆಯಿರಿ.