ಬಾವಿಕಟ್ಟೆಯಿಂದ ಕಂಡದ್ದು

ಓಬಳಪ್ಪ ಮೇಷ್ಟ್ರು ಯಾರ ಮಾತನ್ನೂ ಕೂತಲ್ಲೇ ನಂಬುತ್ತಿರಲಿಲ್ಲ. ಎದ್ದು ಹೋಗಿ ನೋಡುತ್ತಿದ್ದರು. ಹೊಟ್ಟೆನೋವೆಂದು ಯಾರಾದರೂ ಶಾಲೆಗೆ ಬರದಿದ್ದರೆ ಸಂಜೆ ಅವರ ಮನೆ ಮುಂದೆ ಸೈಕಲ್ಲು ನಿಲ್ಲಿಸಿ ವಿಚಾರಿಸುತ್ತಿದ್ದರು. ಅಂಗಡಿಯವನು ಹೆಸರುಕಾಳು ಹೊಸದು ಎಂದರೆ ಎರಡು ಕಾಳು ಕಡಿದು ನೋಡದೆ ಚೀಲ ಒಡ್ಡುತ್ತಿರಲಿಲ್ಲ. ಊರಿನವರು ಅವರಿಗೆ ‘ಅನುಮಾನದ ಮೇಷ್ಟ್ರು’ ಎಂದೇ ಹೆಸರಿಟ್ಟಿದ್ದರು. ನನಗೆ ಗೊತ್ತಿರುವಂತೆ ಅವರು ಎದ್ದು ಹೋಗಿ ನೋಡದೆ ನಂಬಿದ್ದು ಒಂದೇ ಒಂದು ಮಾತನ್ನು. ಅದು ನಾನು ಬರೆದುಕೊಟ್ಟ ಮಾತು.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ನಮ್ಮಪ್ಪ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರು. ಅಲ್ಲಿಂದ ಒಂದು ಮೈಲಿ ದೂರದ ಹಳ್ಳಿಯಲ್ಲಿ ಊರಿನ ಕಮಿಟಿಯವರು ನಡೆಸುತ್ತಿದ್ದ ಹೈಸ್ಕೂಲಿಗೆ ನಾನು ನಡೆದು ಹೋಗುತ್ತಿದ್ದೆ. ಮೇಷ್ಟ್ರು ಅಲ್ಲಿ ಕನ್ನಡ ಹೇಳಿಕೊಡುತ್ತಿದ್ದರು. ಕಿವಿಯ ಮೇಲೆ ಸದಾ ಒಂದು ಕೆಂಪು ಪೆನ್ಸಿಲು. ಬೇರೆ ಶಾಲೆಗಳಲ್ಲಿ ಮಕ್ಕಳು ಹಸುವಿನ ಮೇಲೆ, ಮಳೆಗಾಲದ ಮೇಲೆ ಪ್ರಬಂಧ ಬರೆಯುತ್ತಿದ್ದರೆ ನಮ್ಮಿಂದ ಅವರು ವಾದ ಬರೆಸುತ್ತಿದ್ದರು. ಊರಿಗೆ ರಸ್ತೆ ಮೊದಲೋ ಆಸ್ಪತ್ರೆ ಮೊದಲೋ, ಹೆಣ್ಣುಮಕ್ಕಳು ಹೈಸ್ಕೂಲು ಓದಬೇಕೋ ಬೇಡವೋ. ಯಾವ ಕಡೆಯಾದರೂ ಬರೆಯಿರಿ, ಆದರೆ ಪ್ರತಿಯೊಂದು ವಾಕ್ಯದ ಎದುರಿಗೆ ಅಂಚಿನಲ್ಲಿ ಒಂದು ಗುರುತು ಇರಬೇಕು ಎಂಬುದು ಅವರ ಕಾನೂನು. ಕಣ್ಣಾರೆ ಕಂಡದ್ದಕ್ಕೆ ‘ಕಂ’, ಕೇಳಿದ್ದಕ್ಕೆ ‘ಕೇ’, ಊಹೆಗೆ ‘ಊ’.

“ಊಹೆ ಆದ್ರೆ ಊಹೆ ಅಂತ ಒಪ್ಕಳ್ರಿ, ಅದ್ರಾಗೆ ಅವಮಾನ ಏನಿಲ್ಲ,” ಎನ್ನುತ್ತಿದ್ದರು. “ಊಹೆಗೆ ಕಣ್ಣು ಬರ್ದು ಕಂಡದ್ದು ಅಂತ ತೋರ್ಸಿದ್ರೆ ಮಾತ್ರ ನಾನು ಬಿಡಲ್ಲ.”

ಒಮ್ಮೆ ನಾನು ಸಂಜೆಯ ಪ್ಯಾಸೆಂಜರು ಯಾವಾಗಲೂ ತಡ ಎಂದು ಬರೆದು ಧೈರ್ಯವಾಗಿ ‘ಕಂ’ ಹಾಕಿದ್ದೆ. ರೈಲ್ವೆಯವರ ಮಗಳಲ್ಲವೇ, ನನ್ನನ್ನು ಕೇಳುವವರಾರು ಎಂಬ ಜಂಬ. ಮೇಷ್ಟ್ರು ಎಂಟು ಸಂಜೆ ಇಡೀ ಕ್ಲಾಸನ್ನು ಸ್ಟೇಷನ್ನಿಗೆ ನಡೆಸಿಕೊಂಡು ಹೋದರು. ಸ್ಟೇಷನ್ನಿನ ಗಡಿಯಾರ ನೋಡಿ ನಾವು ಗುರುತು ಹಾಕಿಕೊಂಡೆವು. ಮೂರು ದಿನ ಗಾಡಿ ಸರಿಯಾದ ಹೊತ್ತಿಗೇ ಬಂದುಬಿಟ್ಟಿತು. ಆ ಮೂರೂ ದಿನ ನಮ್ಮಪ್ಪ ಬಾವುಟ ಹಿಡಿದು ನನ್ನ ಕಡೆ ನೋಡಿ ನಗುತ್ತಿದ್ದರು.

“ಯಾವಾಗಲೂ ಅಂಬೋದನ್ನ ಹೊಡದಾಕವ್ವ. ಎಂಟರಾಗೆ ಐದು ದಿನ ಅಂತ ಬರಿ. ಮಾತು ಸಣ್ಣದಾಗ್ತತೆ, ಆದ್ರೆ ಗಟ್ಟಿಯಾಗ್ತತೆ,” ಎಂದರು ಮೇಷ್ಟ್ರು. ತಿದ್ದಿ ಬರೆದ ಆ ಪ್ರಬಂಧವನ್ನು ಕ್ಲಾಸಿನ ಮುಂದೆ ಗಟ್ಟಿಯಾಗಿ ಓದಿದರು. ಅವರು ಹಾಗೆ ಓದುವುದು ಅಪರೂಪ. ಅವತ್ತಿನಿಂದ ನನಗೆ ಅದರ ರುಚಿ ಹತ್ತಿತು. ಮತ್ತೊಮ್ಮೆ ಓದಿಸಿಕೊಳ್ಳಬೇಕು ಎಂಬ ಆಸೆ ಎಲ್ಲಿಯವರೆಗೆ ಹೋಗಬಹುದು ಎಂದು ಆಗ ತಿಳಿದಿರಲಿಲ್ಲ.

ಶಾಲೆಯಲ್ಲಿ ದುರುಗಪ್ಪ ಎಂಬ ಜವಾನನಿದ್ದ. ಕುರಿ ಸಾಕುವ ಮನೆತನದವನು. ಅಣ್ಣತಮ್ಮಂದಿರೆಲ್ಲ ಕುರಿಯ ಹಿಂದೆ ಹೋದರೆ ಇವನೊಬ್ಬ ಖಾಕಿ ಅಂಗಿ ಹಾಕಿದ್ದ. ಶಾಲೆಯ ಗೋಡೆ ಗಡಿಯಾರ ಅವನ ಪಾಲಿನ ದೇವರು. ಪ್ರತಿ ಸೋಮವಾರ ಸ್ಟೇಷನ್ನಿಗೆ ಹೋಗಿ ಟೈಮು ನೋಡಿಕೊಂಡು, ವಾಪಸು ನಡೆದ ಹೊತ್ತನ್ನು ಅಂದಾಜಿನ ಮೇಲೆ ಸೇರಿಸಿ ಮುಳ್ಳು ತಿರುಗಿಸುತ್ತಿದ್ದ. ನಮ್ಮ ಶಾಲೆಯ ಟೈಮಿಗೆ ‘ಊ’ ಹಾಕಬೇಕು ಎಂದು ಮೇಷ್ಟ್ರು ಅವನನ್ನು ಛೇಡಿಸುತ್ತಿದ್ದರು.

ದಸರಾ ರಜೆ ಮುಗಿಸಿ ಬಂದಾಗ ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು. ಬೀಗ ಒಡೆದಿರಲಿಲ್ಲ. ಬೀಗದ ಕೈ ದುರುಗಪ್ಪನ ಸೊಂಟದಲ್ಲಿರುತ್ತಿತ್ತು. ಅವನ ಮೇಲೆ ಅನುಮಾನ ಬರಲು ಅಷ್ಟೇ ಸಾಕಾಯಿತು. ಮಕ್ಕಳಿಗೆ ಸಾಕ್ಷಿ, ಆಧಾರ ಎಂದು ಪಾಠ ಹೇಳುತ್ತೀರಲ್ಲ, ನೀವೇ ವಿಚಾರಣೆ ಮಾಡಿ ಎಂದು ಕಮಿಟಿಯವರು ಮೇಷ್ಟ್ರ ತಲೆಗೆ ಕಟ್ಟಿದರು. ಅವರು ತಮಗೆ ಗೊತ್ತಿದ್ದ ದಾರಿಯನ್ನೇ ಹಿಡಿದರು. ಈ ವಿಷಯವಾಗಿ ನಿಮಗೆ ಗೊತ್ತಿರುವುದನ್ನು ಬರೆಯಿರಿ, ಅಂಚಿನಲ್ಲಿ ಗುರುತು ಹಾಕಿ ಎಂದು ನಮಗೆಲ್ಲ ಒಂದೊಂದು ಹಾಳೆ ಕೊಟ್ಟರು.

ನನಗೆ ಗೊತ್ತಿದ್ದದ್ದು ಇಷ್ಟೇ. ರಜೆಯಲ್ಲಿ ಒಂದು ಸಂಜೆ ದುರುಗಪ್ಪ ಚೀಲ ಹೊತ್ತು ಶಾಲೆಯ ಬಾಗಿಲಿನಿಂದ ಹೊರಗೆ ಬಂದನಂತೆ ಎಂದು ಶಾಲೆಯ ಬಾವಿಯಲ್ಲಿ ನೀರು ಸೇದುವಾಗ ಯಾರೋ ಯಾರಿಗೋ ಹೇಳುತ್ತಿದ್ದರು. ಸುತ್ತ ನೋಡಿದೆ. ಎಲ್ಲರೂ ‘ಕೇ’, ‘ಊ’ ಎಂದೇ ಬರೆಯುತ್ತಿದ್ದರು. ನಾನು ನೀಟಾಗಿ ಬರೆದೆ: ‘ನಾನು ಬಾವಿಕಟ್ಟೆಯ ಮೇಲೆ ನಿಂತಿದ್ದಾಗ ದುರುಗಪ್ಪನು ಗಡಿಯಾರದಷ್ಟು ದೊಡ್ಡ ಚೀಲ ಹೊತ್ತು ಬಾಗಿಲಿನಿಂದ ಹೊರಬಂದದ್ದನ್ನು ನೋಡಿದೆ.’ ಎದುರಿಗೆ ‘ಕಂ’ ಹಾಕಿದೆ. ದುರುಗಪ್ಪನ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಮೇಷ್ಟ್ರ ಮೆಚ್ಚಿನ ಹುಡುಗಿಯ ಹಾಳೆಯಲ್ಲಿ ‘ಕೇ’ ಇರುವುದು ನನಗೆ ಬೇಡವಾಗಿತ್ತು, ಅಷ್ಟೇ.

ಇಡೀ ಕ್ಲಾಸಿನಲ್ಲಿ ‘ಕಂ’ ಇದ್ದದ್ದು ನನ್ನ ಹಾಳೆಯಲ್ಲಿ ಮಾತ್ರ. ಮೇಷ್ಟ್ರು ಓದಿ, ನನ್ನ ಮುಖ ನೋಡಿದರು.

“ನೋಡೀಯೇನವ್ವ?”

“ನೋಡೀನಿ ಸಾರ್.”

ಕಮಿಟಿಯವರ ಮುಂದೆ ಅದನ್ನು ಗಟ್ಟಿಯಾಗಿ ಓದಿದರಂತೆ. ಓದಿಸಿಕೊಳ್ಳಬೇಕೆಂಬ ನನ್ನ ಆಸೆ ಹಾಗೆ ತೀರಿತು. ಅದೇ ವಾರ ದುರುಗಪ್ಪನನ್ನು ಕೆಲಸದಿಂದ ತೆಗೆದರು. ಅವನು ಖಾಕಿ ಅಂಗಿಯನ್ನು ಒಗೆದು, ಮಡಿಸಿ, ಆಫೀಸಿನ ಮೇಜಿನ ಮೇಲಿಟ್ಟು ಊರು ಬಿಟ್ಟು ಹೋದ.

ತಿಂಗಳಾದ ಮೇಲೆ ಗಡಿಯಾರ ತಾನಾಗಿಯೇ ಬಂತು. ಕಮಿಟಿಯ ಅಧ್ಯಕ್ಷರ ತಮ್ಮನ ಮಗನಿಗೆ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಗೋಡೆ ಬೋಳಾಗಿ ಕಾಣಬಾರದೆಂದು ಆ ತಮ್ಮ ಅಣ್ಣನ ಹತ್ತಿರವಿದ್ದ ಶಾಲೆಯ ಇನ್ನೊಂದು ಬೀಗದ ಕೈ ತೆಗೆದುಕೊಂಡು ಗಡಿಯಾರ ಒಯ್ದಿದ್ದರು. ಆಮೇಲೆ ಗಲಾಟೆ ಎದ್ದಾಗ ಹೇಳಿಕೊಳ್ಳಲು ನಾಚಿ ಸುಮ್ಮನಿದ್ದರು. ಆ ಮನುಷ್ಯನನ್ನು ಊರೆಲ್ಲ ಬೈಯಿತು. ನಾನೂ ಬೈದೆ.

ಮೇಷ್ಟ್ರು ಯಾರನ್ನೂ ಬೈಯಲಿಲ್ಲ. ಮಾರನೆಯ ದಿನ ಮಧ್ಯಾಹ್ನ ನಾವು ಬುತ್ತಿ ಬಿಚ್ಚಿಕೊಂಡು ಕೂತಿದ್ದಾಗ ಅವರು ಬಾವಿಯ ಕಡೆ ನಡೆದರು. ಕಟ್ಟೆ ಹತ್ತಿ ಶಾಲೆಯ ಕಡೆ ತಿರುಗಿ ನಿಂತರು. ಎಡಕ್ಕೆ ಸರಿದರು, ಬಲಕ್ಕೆ ಸರಿದರು. ಬಾಗಿಲಿಗೂ ಬಾವಿಗೂ ನಡುವೆ ಅಡುಗೆ ಕೋಣೆಯ ಗೋಡೆ ಇತ್ತು. ಕೊನೆಗೆ ಮೊಣಕಾಲು ಮಡಿಸಿ ನನ್ನ ಎತ್ತರಕ್ಕೆ ಬಗ್ಗಿ ನೋಡಿದರು. ನಾನು ರೊಟ್ಟಿಯನ್ನು ಮತ್ತೆ ಬುತ್ತಿಯಲ್ಲಿ ಸುತ್ತಿಟ್ಟೆ. ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು ಸಂಜೆಯವರೆಗೂ ಕಾದೆ. ಅವರು ಕರೆಯಲಿಲ್ಲ. ವಿಚಾರಣೆಯಲ್ಲಿ ತಪ್ಪಾದದ್ದು ತಮ್ಮಿಂದ ಎಂದು ಕಮಿಟಿಗೆ ಬರೆದುಕೊಟ್ಟರು. ಆ ಕಾಗದದಲ್ಲಿ ನನ್ನ ಹೆಸರಿರಲಿಲ್ಲ.

ಆಮೇಲೆ ಮೂರು ಭಾನುವಾರ ಬಸ್ಸು ಹತ್ತಿ ಹಿರಿಯೂರಿನ ಕಡೆ ಅಲೆದು, ಒಂದು ಕುರಿಹಟ್ಟಿಯಲ್ಲಿ ದುರುಗಪ್ಪನನ್ನು ಹುಡುಕಿದರು. ಕೆಲಸ ವಾಪಸು ಕೊಡುತ್ತಾರೆ, ಬಾ ಎಂದು ಕರೆದರಂತೆ. ಅವನು ಕೊಟ್ಟ ಉತ್ತರವನ್ನು ಮೇಷ್ಟ್ರು ನಮ್ಮ ಕ್ಲಾಸಿನಲ್ಲಿ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲೇ ಇಲ್ಲ.

“ಬ್ಯಾಡ ಸಾ. ಈ ಕುರಿಗಳು ನನ್ನ ಮ್ಯಾಲೆ ಅನುಮಾನ ಪಡಲ್ಲ.”

ಆ ವರ್ಷ ಮುಗಿದ ಮೇಲೆ ಮೇಷ್ಟ್ರು ಆ ಶಾಲೆ ಬಿಟ್ಟು ಹೊಸದುರ್ಗಕ್ಕೆ ಹೋದರು. ನಾನು ಚಿತ್ರದುರ್ಗದಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿದೆ. ಕೆಲಸದ ಆರ್ಡರು ಕೈಗೆ ಬಂದ ದಿನ ಹೊಸದುರ್ಗದ ಬಸ್ಸು ಹತ್ತಿದೆ. ಮೇಷ್ಟ್ರು ಬಾಗಿಲಲ್ಲೇ ಗುರುತು ಹಿಡಿದು, ಕುಂತ್ಕಳವ್ವ ಎಂದು ಚಾಪೆ ಹಾಸಿ, ಆರ್ಡರನ್ನು ಎರಡು ಸಲ ಓದಿದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ನೆನಪಾಗಲಿಲ್ಲ.

“ಸಾರ್, ಆವತ್ತು ಬಾವಿ ಹತ್ರ ನಾನು ಏನೂ ನೋಡಿರ್ಲಿಲ್ಲ,” ಎಂದೆ.

“ಗೊತ್ತೈತೆ ಕಣವ್ವ. ನಿನ್ನೆತ್ತರಕ್ಕೆ ಬಗ್ಗಿ ನೋಡ್ದೆ. ಆ ಕೆಲಸ ನಾನು ಮದ್ಲೇ ಮಾಡ್ಬೇಕಿತ್ತು.”

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಅಳು ನಿಂತ ಮೇಲೆ ಒಂದು ಹಾಳೆ ಹರಿದು ಕೆಂಪು ಪೆನ್ಸಿಲಿನಲ್ಲಿ ನಿಧಾನವಾಗಿ ಬರೆದರು. ಹಿರಿಯೂರಿನಲ್ಲಿ ಯಾವ ಬಸ್ಸು, ಎಲ್ಲಿ ಇಳಿಯಬೇಕು, ಯಾವ ಹುಣಸೆಮರದ ಹತ್ತಿರ ಎಡಕ್ಕೆ ತಿರುಗಬೇಕು.

“ನನಗೆ ಹೇಳಿದ್ದು ಆತು. ಇದನ್ನ ಕೇಳ್ಬೇಕಾದೋನು ಅಲ್ಲಿ ಅವ್ನೆ. ಹೋಗಿ ಬಾರವ್ವ.”

ಅವರನ್ನು ನೋಡಿದ್ದು ಅದೇ ಕೊನೆ. ನಾಲ್ಕು ವರ್ಷಗಳ ಮೇಲೆ ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ತಿಥಿಯೂ ಆಗಿಹೋಗಿತ್ತು.

ಮೂವತ್ತೈದು ವರ್ಷ ಮಕ್ಕಳಿಂದ ನಾನೂ ಅಂಚು ಎಳೆಸಿದೆ, ಮೂರು ಗುರುತು ಹಾಕಿಸಿದೆ. ಒಳ್ಳೆಯ ಟೀಚರು ಎಂದು ಹಾರ ಹಾಕಿ ಕಳಿಸಿಕೊಟ್ಟರು. ಮೇಷ್ಟ್ರು ದಾರಿ ಬರೆದುಕೊಟ್ಟ ಆ ಚೀಟಿ ನನ್ನ ಟ್ರಂಕಿನಲ್ಲಿ ಈಗಲೂ ಇದೆ. ದಾರಿಯ ಪ್ರತಿ ಸಾಲಿನ ಎದುರಿಗೂ ಮೇಷ್ಟ್ರು ಅಭ್ಯಾಸದಂತೆ ‘ಕಂ’ ಎಂದು ಬರೆದಿದ್ದಾರೆ. ಅದು ಅವರು ನಡೆದು, ನೋಡಿ ಬಂದಿದ್ದ ದಾರಿ. ಮೊದಮೊದಲು ಬೇಸಿಗೆ ರಜೆ ಬರಲಿ ಎಂದುಕೊಂಡೆ, ಆಮೇಲೆ ಮಕ್ಕಳು ದೊಡ್ಡವರಾಗಲಿ ಎಂದುಕೊಂಡೆ. ದುರುಗಪ್ಪ ಬದುಕಿದ್ದಾನೋ ಇಲ್ಲವೋ ಎಂದು ಯಾರನ್ನೂ ಕೇಳಿಲ್ಲ. ಹಿರಿಯೂರಿನ ಮೇಲೆ ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋಗಿದ್ದೇನೆ. ಒಮ್ಮೆಯೂ ಇಳಿಯಲಿಲ್ಲ.