ಅತ್ತೆ ನನ್ನ ಸ್ಟೇಟಸ್ ಮ್ಯೂಟ್ ಮಾಡಿದ್ದರು

ಸ್ನೇಹಿತರೇ, ಇವತ್ತು ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಸೋದರತ್ತೆ ಸಿಕ್ಕರು. ಕೈಗೆ ಪ್ಲಾಸ್ಟರ್ ಹಾಕಿತ್ತು.

"ಯಾವಾಗ ಬಿದ್ರಿ ಅತ್ತೆ?" ಎಂದು ಗಾಬರಿಯಾಗಿ ಕೇಳಿದೆ.

"ಫ್ಯಾಮಿಲಿ ಗ್ರೂಪಲ್ಲಿ ಹಾಕಿದ್ನಲ್ಲಮ್ಮ! ಅದರ ಕೆಳಗೇ ನೀನು ರೇಷ್ಮೆಗೂಡಿನ ಹಾರದ ಫೋಟೊ ಹಾಕ್ದೆ, 'ಇಂದೇ ಆರ್ಡರ್ ಮಾಡಿ' ಅಂತ. ಅವತ್ತೇ ನಿನ್ನ ಸ್ಟೇಟಸ್ಸೂ ಮ್ಯೂಟ್ ಮಾಡ್ದೆ ಕಣೇ."

ನಾಚಿಕೆಯಿಂದ ತಲೆ ತಗ್ಗಿಸಿದೆ. ತರಕಾರಿ ಚೀಲ ಹಿಡಿದು ಅವರನ್ನು ಮನೆಗೆ ಬಿಟ್ಟೆ. ಅಲ್ಲೇ ಕುಳಿತು ಗ್ರೂಪಿನಲ್ಲಿ ಎಲ್ಲರ ಕ್ಷಮೆ ಕೇಳಿದೆ. ಇನ್ನು ಅಲ್ಲಿ ಮಾತು ಮಾತ್ರ, ಮಾರಾಟವಿಲ್ಲ. ಹಾರಕ್ಕೆ ಬೇರೆಯೇ ಪುಟ ತೆರೆದಿದ್ದೇನೆ, ಬೇಕಾದವರು ಬರಲಿ. ವ್ಯಾಪಾರವನ್ನಂತೂ ಬಿಡುವುದಿಲ್ಲ.

ಸಂಜೆಯವರೆಗೆ ಪುಟಕ್ಕೆ ಸೇರಿದವರು ಒಬ್ಬರೇ, ಅದೇ ಅತ್ತೆ. ಬಂದವರೇ ಕಾಮೆಂಟು ಹಾಕಿದರು: "ಫೋಟೊ ಚೆನ್ನಾಗಿಲ್ಲ, ಬೇರೆ ತೆಗಿಯಮ್ಮ."

ತೆಗೆಯುತ್ತಿದ್ದೇನೆ.