ಹರಳೆಣ್ಣೆಯ ರೇಸ್ ಕಾರು

ಹೋದ ಭಾನುವಾರ ಬೆಳಿಗ್ಗೆ ಸಣ್ಣ ಬಾಣಲೆಯಲ್ಲಿ ಹರಳೆಣ್ಣೆ ಕಾಯಲು ಇಟ್ಟು, ಮೈಸೂರಿನ ತಂಗಿಯ ಜೊತೆ ಫೋನಿನಲ್ಲಿ ಹರಟೆಗೆ ನಿಂತೆ. ಅವಳು ಮಾತು ಶುರು ಮಾಡಿದರೆ ನಿಲ್ಲಿಸುವವಳಲ್ಲ, ನಾನು ಅವಳ ಅಕ್ಕ. ಹೊಗೆಯ ಅಲಾರಂ ಕೂಗಿಕೊಂಡಾಗಲೇ ನನಗೆ ಒಲೆ ನೆನಪಾದದ್ದು. ಓಡಿಹೋಗಿ ಆರಿಸುವ ಹೊತ್ತಿಗೆ ಅಡುಗೆಮನೆ ತುಂಬ ನೀಲಿ ಹೊಗೆ, ಗಂಟಲಿಗೆ ಹಿಡಿಯುವ ಸಿಹಿಸಿಹಿಯಾದ ಸುಟ್ಟ ವಾಸನೆ. ರಜೆಗೆ ಮನೆಗೆ ಬಂದಿರುವ ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ವಾಟ್ ಈಸ್ ದಟ್ ಸ್ಮೆಲ್?" ಅಂದಳು.

"ಪಕ್ಕದ ಮನೆ ಅಜ್ಜ," ಅಂದೆ. ಬಾಯಿಗೆ ತಾನಾಗಿ ಬಂದ ಮಾತು ಅದು.

ಅಜ್ಜ ಇದ್ದಾಗ ಅವಳು ತುಂಬಾ ಚಿಕ್ಕವಳು, ಅವಳಿಗೆ ಅವರ ಮುಖ ಅಷ್ಟಾಗಿ ನೆನಪಿಲ್ಲ. ನಾವು ಲಂಡನ್ನಿನ ಎಜ್‌ವೇರ್‌ನ ಈ ಮನೆಗೆ ಹೊಸದಾಗಿ ಬಂದಿದ್ದೆವು. ನಮ್ಮದು ಮುಂದಕ್ಕೆ ದಾರಿಯಿಲ್ಲದ ಬೀದಿ. ಕೊನೆಯಲ್ಲಿ ಕಾರು ತಿರುಗಿಸಲು ಒಂದು ವೃತ್ತ, ವೃತ್ತದ ನಡುವೆ ನಾಲ್ಕಾರು ಮರ. ಬೆಕ್ಕು ನಡೆದರೂ ಕೇಳಿಸುವಷ್ಟು ನಿಶ್ಶಬ್ದ. ನನ್ನ ಗಂಡ ಆಸ್ಪತ್ರೆಯ ಡ್ಯೂಟಿ ಅಂತ ಹೋದರೆ ಮಾತಾಡಲು ಜನ ಇರಲಿಲ್ಲ. ಆ ಚಳಿಗಾಲದ ಮುಂಚೆ ಧಾರವಾಡದಿಂದ ಅತ್ತೆ ಬಂದರು. ಬಂದ ವಾರದಲ್ಲೇ, ಮೊಮ್ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕಬೇಕು ಅಂತ ಹರಳೆಣ್ಣೆ ಕಾಯಿಸಲು ಇಟ್ಟು, ಇವತ್ತು ನಾನು ಮಾಡಿದ್ದನ್ನೇ ಮಾಡಿದರು. ಕಿಟಕಿ ಬಾಗಿಲು ಎಲ್ಲ ತೆಗೆದು ಟವೆಲ್ ಬೀಸುತ್ತಾ ನಿಂತಿದ್ದಾಗ ಬೇಲಿಯ ಮೇಲೆ ಒಂದು ದೊಡ್ಡ ಕೆಂಪು ಮುಖ ಕಾಣಿಸಿತು.

"ಯಾರು ಇಲ್ಲಿ ರೇಸ್ ಓಡಿಸ್ತಿರೋದು?" ಅಂತ ಅಜ್ಜ ಇಂಗ್ಲಿಷಿನಲ್ಲಿ ಕೇಳಿದರು.

ಅತ್ತೆ ಏನಂತೆ ಅಂದರು, ಹೇಳಿದೆ. "ಮುದಕಗ ಹುಚ್ಚೇನ?" ಅಂದರು ಅತ್ತೆ. ಅಮ್ಮ ಏನಂದರು ಅಂತ ಅಜ್ಜ ಕೇಳಿದಾಗ, ಗುಡ್ ಮಾರ್ನಿಂಗ್ ಅಂದರು ಅಂದೆ. ನಮ್ಮ ಎರಡು ಮನೆಯ ಸ್ನೇಹ ಶುರುವಾದದ್ದು ಹೀಗೆ.

ಅವತ್ತೇ ಸಂಜೆ ಅಜ್ಜ ನಮ್ಮನ್ನು ತಮ್ಮ ಗ್ಯಾರೇಜಿಗೆ ಕರೆದೊಯ್ದರು. ಹಳೆಯ ಬೆಡ್‌ಶೀಟು ಎಳೆದರೆ ಕೆಳಗೆ ಒಂದು ಪುಟ್ಟ ಹಸಿರು ಕಾರು. ಮಗುವಿನ ಸ್ನಾನದ ತೊಟ್ಟಿಗೆ ಚಕ್ರ ಹಾಕಿದ ಹಾಗಿತ್ತು. ಮೇಲೆ ಮುಚ್ಚಿಗೆಯಿಲ್ಲ, ಬಾಗಿಲಿಲ್ಲ, ಬೆನ್ನ ಹಿಂದೆ ಮೋಟಾರ್‌ಸೈಕಲ್ಲಿನ ಎಂಜಿನ್ನು, ಇರುವುದು ಒಂದೇ ಸೀಟು. ತಮ್ಮ ಹದಿಹರೆಯ ಕಳೆದ ಹೊಸತರಲ್ಲಿ ಅಜ್ಜ ಇದನ್ನು ದಕ್ಷಿಣ ಲಂಡನ್ನಿನ ಒಂದು ಪಾರ್ಕಿನಲ್ಲಿ ಓಡಿಸಿದ್ದರಂತೆ. ಆಗೆಲ್ಲ ಪಾರ್ಕಿನೊಳಗೇ, ಮರಗಳ ನಡುವೆ, ರೇಸ್ ನಡೆಯುತ್ತಿತ್ತು. ಆ ಕಾಲದ ರೇಸ್ ಎಂಜಿನ್ನುಗಳಿಗೆ ಹಾಕುತ್ತಿದ್ದದ್ದು ಹರಳೆಣ್ಣೆ. ಸುಟ್ಟ ಹರಳೆಣ್ಣೆ ಅಂದರೆ ಅವರಿಗೆ ರೇಸು, ನಮಗೆ ಅಭ್ಯಂಜನ.

"ಗೆದ್ದಿರಾ?" ಅಂತ ಕೇಳಿದೆ. ಅಜ್ಜ ಎದೆಯುಬ್ಬಿಸಿ, ಕೊನೆಯಿಂದ ಎರಡನೆಯವನಾಗಿ ಬಂದೆ ಅಂದರು. ಕೊನೆಯವನ ಕಾರು ಅರ್ಧದಲ್ಲೇ ನಿಂತುಹೋಗಿತ್ತು ಅಂತ ಅವರ ಹೆಂಡತಿ, ಅಜ್ಜಿ, ಒಳಗಿನಿಂದ ಸೇರಿಸಿದರು.

ಅದು ಚಾಂಪಿಯನ್‌ಶಿಪ್ಪಿನ ಲೆಕ್ಕಕ್ಕೆ ಸೇರದ ರೇಸು. ಗೆದ್ದರೂ ಪಾಯಿಂಟ್ ಇಲ್ಲ, ಸೋತರೂ ಹೋಗುವುದೇನಿಲ್ಲ. ಅದಕ್ಕೇ ದೊಡ್ಡ ದೊಡ್ಡ ರೇಸ್ ಚಾಲಕರೂ ಬರುತ್ತಿದ್ದರು, ಗ್ಯಾರೇಜಿನಲ್ಲಿ ಕೂತು ತಾವೇ ಕಾರು ಕಟ್ಟಿಕೊಂಡ ಇವರಂಥವರೂ ಬರಬಹುದಿತ್ತು. ಯಾರಿಗೂ ಬೇಕಾಗಿರಲಿಲ್ಲ, ಎಲ್ಲರಿಗೂ ಇಷ್ಟವಿತ್ತು, ಅಷ್ಟೇ ಅಂತ ಅಜ್ಜ ನಗುತ್ತಿದ್ದರು. ಅಜ್ಜಿ ಅವತ್ತು ಬೇಕರಿಯ ವ್ಯಾನು ಓಡಿಸಿಕೊಂಡು ಪಾರ್ಕಿಗೆ ಬನ್ನು ತಂದಿದ್ದ ಹುಡುಗಿ. ತಿರುವಿನ ಹತ್ತಿರ ನಿಂತು ನೋಡಿದ್ದರಂತೆ. "ಬೇರೆಯವರದಾದರೆ ಮೊದಲು ಸದ್ದು ಬರುತ್ತೆ, ಆಮೇಲೆ ಕಾರು. ಇವರದು ಎಷ್ಟು ನಿಧಾನ ಅಂದರೆ, ಮೊದಲು ವಾಸನೆ ಬರುತ್ತಿತ್ತು, ಆಮೇಲೆ ಸದ್ದು, ಕೊನೆಗೆ ಕಾರು," ಅನ್ನುತ್ತಿದ್ದರು. ಇದನ್ನು ಎಷ್ಟು ಸಲ ಹೇಳಿದರೂ ಅಜ್ಜ ಮೊದಲ ಸಲ ಕೇಳಿದವರ ಹಾಗೆ ನಗುತ್ತಿದ್ದರು. ಅಜ್ಜಿಗೆ ಇದ್ದ ದೂರು ಒಂದೇ. ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಪ್ರೀತಿಯಿಂದ ಕಟ್ಟಿದ್ದು ಒಂದು ಕಾರು, ಅದರಲ್ಲೂ ತನಗೊಂದು ಸೀಟಿಲ್ಲ.

ವಸಂತ ಬರುವ ಹೊತ್ತಿಗೆ ಅಜ್ಜ ಮಂಕಾದರು. ಬೇಲಿಯ ಹತ್ತಿರ ಬರುವುದು ಕಡಿಮೆಯಾಯಿತು. ವಿಚಾರಿಸಿದಾಗ ಅಜ್ಜಿ ಹೇಳಿದರು, ಕಾರನ್ನು ಒಂದು ಮ್ಯೂಸಿಯಮ್ಮಿಗೆ ಕೊಡುತ್ತಿದ್ದಾರೆ ಅಂತ. ತಾವು ಹೋದ ಮೇಲೆ ಅದು ಗುಜರಿಗೆ ಬೀಳಬಾರದು ಅಂತ ಅಜ್ಜನೇ ಒಪ್ಪಿದ್ದು. ಆದರೆ ಮ್ಯೂಸಿಯಮ್ಮಿನವರು ಎಂಜಿನ್ನಿನ ಎಣ್ಣೆಯೆಲ್ಲ ಬಸಿದು, ಒಣಗಿಸಿ, ಹಗ್ಗ ಕಟ್ಟಿ ನಿಲ್ಲಿಸುತ್ತಾರೆ. ಮತ್ತೆಂದೂ ಅದು ಓಡುವುದಿಲ್ಲ. ಕೊನೆಯದಾಗಿ ಒಮ್ಮೆ ಅದರ ದನಿ ಕೇಳಬೇಕು ಅನ್ನುವುದು ಅಜ್ಜನ ಆಸೆ. ದಿನಗಟ್ಟಲೆ ಕೂತು ಎಂಜಿನ್ನು ಬಿಚ್ಚಿ ಜೋಡಿಸಿದ್ದರು. ತರಿಸಿದ್ದ ರೇಸಿನ ಎಣ್ಣೆ ಮಾತ್ರ ಬಂದಿರಲಿಲ್ಲ. ಮ್ಯೂಸಿಯಮ್ಮಿನ ಲಾರಿ ಮಾರನೆಯ ದಿನವೇ ಬರುವುದಿತ್ತು.

ಅಜ್ಜನ ಹತ್ತಿರ ಹೋಗಿ, ಬೇರೆ ಎಣ್ಣೆ ಹಾಕಿ ಅಂದೆ. ಅಜ್ಜ ನನ್ನ ಮುಖವನ್ನು ನೋಡಿದ ರೀತಿ... ಕಾಫಿಗೆ ಬದಲು ಕಷಾಯ ಕುಡಿ ಅಂದರೆ ನಮ್ಮಪ್ಪ ಹೀಗೇ ನೋಡುತ್ತಿದ್ದರು. ಆಮೇಲೆ ಸಣ್ಣ ದನಿಯಲ್ಲಿ, ನಿಮ್ಮತ್ತೆಯ ಹತ್ತಿರ ಆ ಎಣ್ಣೆ ಇನ್ನೂ ಇದೆಯಾ ಅಂತ ಕೇಳಿದರು.

ಇತ್ತು. ನಮ್ಮವರ ಅಂಗಡಿಗಳಿರುವ ಸೌತ್‌ಹಾಲ್‌ನಿಂದ ತಂದ ದೊಡ್ಡ ಡಬ್ಬಿಯೇ ಇತ್ತು. ಅತ್ತೆಗೆ ವಿಷಯ ತಿಳಿಸಿ ನಾನು ಮಗಳನ್ನು ನರ್ಸರಿಗೆ ಬಿಡಲು ಹೋದೆ. ಬರುವಷ್ಟರಲ್ಲಿ ಅತ್ತೆ ಎಣ್ಣೆಯನ್ನು ದೊಡ್ಡ ಪಾತ್ರೆಯಲ್ಲಿ ಬಿಸಿ ಮಾಡಿ, ಮೆಂತ್ಯ, ಕಾಳುಮೆಣಸು, ನಾಲ್ಕು ವೀಳ್ಯದೆಲೆ ಹಾಕಿ, ಹಳೆಯ ಸೀರೆಯ ತುಂಡಿನಲ್ಲಿ ಸೋಸಿ ಇಟ್ಟಿದ್ದರು.

"ಅತ್ತೆ, ಅದು ಎಂಜಿನ್ನಿಗೆ. ತಲೆಗಲ್ಲ."

"ಗೊತ್ತದ. ಹಸೀ ಎಣ್ಣಿ ಹಂಗ ಯಾರರ ಕೊಡ್ತಾರೇನ? ಇಷ್ಟು ವರ್ಷ ತಣ್ಣಗ ಕೂತದ ಪಾಪ. ಮೆಣಸು ಹಾಕಿದ್ರ ಮೈ ಬೆಚ್ಚಗಾಗ್ತದ."

ಮನೆಯಲ್ಲಿದ್ದ ಎಣ್ಣೆಯೆಲ್ಲ ಅದೇ. ಸೌತ್‌ಹಾಲಿಗೆ ಮತ್ತೆ ಹೋಗಿಬರೋಣ ಅಂದರೆ ಅಜ್ಜ ಆಗಲೇ ಬೇಲಿಯ ಹತ್ತಿರ ನಿಂತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ ಮುದುಕನ ಕೊನೆಯ ಆಸೆ ನಮ್ಮ ಮನೆಯ ಒಗ್ಗರಣೆಯಲ್ಲಿ ಹಾಳಾಯಿತಲ್ಲ ಅಂತ ಅಳುವೇ ಬಂದಿತ್ತು. ಅಜ್ಜ ಪಾತ್ರೆಯ ಮೇಲೆ ಬಗ್ಗಿ ಮೂಸಿದರು. ಬೆರಳಿಗೆ ತಾಗಿಸಿ ಉಜ್ಜಿ ನೋಡಿದರು. ಸೋಸಿದ ಬಟ್ಟೆ ಯಾವುದು ಅಂತ ಕೇಳಿ, ಸೀರೆಯ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. ಈ ಎಂಜಿನ್ನಿಗೆ ಇಷ್ಟು ವರ್ಷದಲ್ಲಿ ಯಾರೂ ಇಷ್ಟು ಮರ್ಯಾದೆ ಮಾಡಿರಲಿಲ್ಲ ಅಂದು, ಪಾತ್ರೆ ಎತ್ತಿಕೊಂಡು ಹೊರಟೇಬಿಟ್ಟರು.

ಮಧ್ಯಾಹ್ನ ಕಾರು ಬೀದಿಗೆ ಬಂತು. ಅತ್ತೆ ಅದರ ಮೂತಿಗೆ ಕುಂಕುಮ ಹಚ್ಚಿ, ಮುಂದಿನ ಚಕ್ರದಡಿ ನಿಂಬೆಹಣ್ಣು ಇಟ್ಟರು. ಅಜ್ಜ ಹಳೆಯ ಚರ್ಮದ ಟೋಪಿ ಹಾಕಿಕೊಂಡು ಕಾರಿನೊಳಗೆ ಕಾಲಿಟ್ಟರು. ಕಾಲು ಹೋಯಿತು, ಸೊಂಟ ಹೋಗಲಿಲ್ಲ. ಬಲದಿಂದ ನೋಡಿದರು, ಎಡದಿಂದ ನೋಡಿದರು, ಉಸಿರು ಬಿಗಿಹಿಡಿದು ನೋಡಿದರು. ಕಡ್ಡಿಯಂಥ ಹುಡುಗನ ಅಳತೆಗೆ ಕಟ್ಟಿದ ಕಾರು ಅದು, ಈಗ ಅಜ್ಜನಿಗೆ ಗಣಪತಿಯ ಹೊಟ್ಟೆ. ಎಂಜಿನ್ನಿನ ಬಗ್ಗೆ ಅಷ್ಟೆಲ್ಲ ಯೋಚಿಸಿದವರು ಇದೊಂದನ್ನು ಯೋಚಿಸಿಯೇ ಇರಲಿಲ್ಲ. ಅವರ ಮುಖ ನೋಡಲಾಗದೆ ನಾನು ನಿಂಬೆಹಣ್ಣು ನೋಡುತ್ತಾ ನಿಂತೆ.

ಅಜ್ಜಿ ಏಪ್ರನ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಟೋಪಿಯನ್ನು ಅಜ್ಜನ ತಲೆಯಿಂದ ತೆಗೆದು ತಮ್ಮ ತಲೆಗೆ ಹಾಕಿಕೊಂಡರು. ಗುಬ್ಬಿಯಂಥ ಹೆಂಗಸು, ಸಲೀಸಾಗಿ ಒಳಗೆ ಇಳಿದರು. "ಕ್ಲಚ್ಚು ಬೇಕರಿ ವ್ಯಾನಿನದರ ಹಾಗೇ ತಾನೇ?" ಅಂತ ಕೇಳಿದರು. ಅಜ್ಜ ಹೌದೆಂದು ತಲೆಯಾಡಿಸಿದರು.

ಡ್ಯೂಟಿ ಮುಗಿಸಿ ಆಗಷ್ಟೇ ಬಂದ ನನ್ನ ಗಂಡನ ಕೈಯಿಂದ ಬ್ಯಾಗು ಕಿತ್ತುಕೊಂಡು, ತಳ್ಳಿ ಅಂದೆ. ಯಾಕೆ ಏನು ಅಂತ ಕೇಳದೆ ತಳ್ಳಿದರು, ಒಳ್ಳೆಯ ಮನುಷ್ಯ. ನಿಂಬೆಹಣ್ಣು ಪಚಕ್ಕೆಂದಿತು. ಕಾರು ಕೆಮ್ಮಿತು, ಸೀನಿತು, ಸುಮ್ಮನಾಯಿತು. ಮತ್ತೆ ತಳ್ಳಿದೆವು. ಆಮೇಲೆ ಬಂತು ನೋಡಿ ಸದ್ದು... ಬೀದಿಯ ಕಿಟಕಿಗಳೆಲ್ಲ ನಡುಗಿದವು, ಹೊಗೆಯೆದ್ದಿತು, ಇಡೀ ಎಜ್‌ವೇರ್ ತುಂಬ ಸುಟ್ಟ ಮೆಂತ್ಯದ ವಾಸನೆ. ಅಜ್ಜಿ ವೃತ್ತದ ಕಡೆ ಹೋದರು, ಮರಗಳ ಹಿಂದೆ ಮರೆಯಾದರು. ಅತ್ತೆಯ ಕೈಯಲ್ಲಿದ್ದ ಅಡುಗೆಮನೆಯ ಬಟ್ಟೆಯನ್ನು ಬಾವುಟದ ಹಾಗೆ ಹಿಡಿದು ಅಜ್ಜ ಗೇಟಿನ ಬಳಿ ನಿಂತರು. ಕಣ್ಣು ಮುಚ್ಚಿಕೊಂಡಿದ್ದರು. ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ಕಿವಿಯವರೆಗೆ ನಗುತ್ತಿತ್ತು.

ಒಂದು ಸುತ್ತು ಅಂತ ಮಾತಾಗಿತ್ತು. ಅಜ್ಜಿ ಬಟ್ಟೆಯ ಬಾವುಟವನ್ನು ಕಣ್ಣೆತ್ತಿಯೂ ನೋಡದೆ ಇನ್ನೊಂದು ಸುತ್ತಿಗೆ ಹೋದರು, ಮತ್ತೊಂದಕ್ಕೂ ಹೋದರು. ನಗರಸಭೆಯ ಕೌನ್ಸಿಲ್‌ನವರು ಬರುತ್ತಾರೆ ಅಂತ ನನ್ನ ಗಂಡ ಒದ್ದಾಡುತ್ತಿದ್ದರು. "ಬರ್ಲಿ, ಅವರೂ ನೋಡ್ಲಿ," ಅಂದರು ಅತ್ತೆ. ಕೊನೆಗೆ ಕಾರು ನಿಂತಾಗ ಅಜ್ಜಿಯ ಮುಖವೆಲ್ಲ ಮಸಿ. ಎಷ್ಟನೇ ಸ್ಥಾನ ಅಂತ ಕೇಳಿದರು. ಮೊದಲನೆಯದು, ಆದರೆ ಪಾಯಿಂಟ್ ಇಲ್ಲ ಅಂದರು ಅಜ್ಜ.

ಮಾರನೆಯ ದಿನ ಲಾರಿ ಬಂದು ಕಾರನ್ನು ಒಯ್ದಿತು. ಅಜ್ಜ ನಗುತ್ತಲೇ ಕಳಿಸಿದರು. ಅದಾದ ಮೇಲೂ ಕೆಲವು ವರ್ಷ ಇದ್ದರು, ಬೇಲಿಯ ಮೇಲಿಂದ ಚಕ್ಕುಲಿ ಇಸಿದುಕೊಳ್ಳುತ್ತಾ. ಮೊದಲು ಅವರು ಹೋದರು, ಹಿಂದೆಯೇ ಅಜ್ಜಿ, ಆಮೇಲೆ ಧಾರವಾಡದಲ್ಲಿ ನಮ್ಮತ್ತೆ... ಪಕ್ಕದ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಒಳ್ಳೆಯವರೇ. ಗ್ಯಾರೇಜು ಒಡೆದು ರೂಮು ಮಾಡಿಕೊಂಡಿದ್ದಾರೆ.

ಇದನ್ನೆಲ್ಲ ಮಗಳಿಗೆ ಹೇಳುತ್ತಾ, ಆ ಮನೆಯ ಕಡೆಗಿರುವ ಕಿಟಕಿಯನ್ನು ಪೂರ್ತಿ ತೆಗೆದೆ. ಹೊಗೆ ಬೇಲಿ ದಾಟಿ ಹೋಯಿತು. ಚಳಿ ಅಂತ ಮಗಳು ಕಿಟಕಿ ಮುಚ್ಚಲು ಬಂದಳು. "ಇರೇ, ಒಂದು ನಿಮಿಷ," ಅಂದೆ. ಅವಳೂ ನನ್ನ ಪಕ್ಕ ನಿಂತಳು, ಇಬ್ಬರೂ ವೃತ್ತದ ಮರಗಳ ಕಡೆ ನೋಡಿದೆವು. ವಾಸನೆ ಬಂದಿತ್ತು. ಸದ್ದು ಬರಲಿಲ್ಲ.